ಮೌನಸಾಕ್ಷಿಯ ನಿರ್ಮಾತೃ: ಆರ್. ಕೆ. ಲಕ್ಷ್ಮಣ್

ಪುಣೆ ನಗರದ ಸಿಂಬಯಾಸಿಸ್ ವಿದ್ಯಾಸಂಸ್ಥೆಯ ಆವರಣದಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ಅದು ಅರಸನ ಪ್ರತಿಮೆಯಲ್ಲ, ಸೇನಾನಿಯದೂ ಅಲ್ಲ. ಧೋತರವುಟ್ಟು, ಚೌಕಳಿಯ ಕೋಟು ತೊಟ್ಟು, ದುಂಡು ಕನ್ನಡಕ ಧರಿಸಿದ, ಬೋಳುತಲೆಯ ಎರಡು ಬದಿಗಳಲ್ಲಿ ಮಾತ್ರ ಕೂದಲುಳಿದಿರುವ, ಪೊದೆಮೀಸೆಯ ವಯಸ್ಕನೊಬ್ಬನ ಪ್ರತಿಮೆ ಅದು. ಅವನಿಗೆ ಹೆಸರಿಲ್ಲ, ಊರಿಲ್ಲ, ಜಾತಿ ಕುಲಗಳ ವಿವರವಿಲ್ಲ. ಅರ್ಧ ಶತಮಾನ ಕಾಲ ಪ್ರತಿದಿನವೂ ಲಕ್ಷಾಂತರ ಜನರಿಗೆ ಕಾಣಿಸಿಕೊಂಡರೂ ಅವನು ಬಾಯಿತೆರೆದು ಮಾತನಾಡಲಿಲ್ಲ. ಅವನನ್ನು ಸೃಷ್ಟಿಸಿದ ಆರ್. ಕೆ. ಲಕ್ಷ್ಮಣ್ ಅವರು 2015ರ ಜನವರಿ 26ರಂದು, ದೇಶವು ಗಣರಾಜ್ಯೋತ್ಸವವನ್ನು ಆಚರಿಸುತ್ತಿದ್ದ ದಿನ, ಇದೇ ಪುಣೆಯ ದೀನಾನಾಥ್ ಮಂಗೇಶ್ಕರ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮರುದಿನ ಅವರ ಪಾರ್ಥಿವ ಶರೀರವನ್ನು ಸಾರ್ವಜನಿಕರ ದರ್ಶನಕ್ಕಾಗಿ ಇರಿಸಿದ್ದು ಈ ಪ್ರತಿಮೆಯ ಸನ್ನಿಧಿಯಲ್ಲಿ. ಮೈಸೂರಿನಲ್ಲಿ ಆರಂಭಗೊಂಡ ಬದುಕೊಂದು ಮುಂಬಯಿಯಲ್ಲಿ ಫಲಿಸಿ, ಪುಣೆಯಲ್ಲಿ ತನ್ನ ಸೃಷ್ಟಿಯ ಪಕ್ಕದಲ್ಲಿಯೇ ಮುಕ್ತಾಯಗೊಂಡಿತು.

ಲಕ್ಷ್ಮಣ್ ಅವರನ್ನು ಕುರಿತು ಬಂದಿರುವ ಬರಹಗಳು ಬಹುಮಟ್ಟಿಗೆ ಅವರ ರೇಖೆಯ ಬಲವನ್ನು ಕೊಂಡಾಡುತ್ತವೆ. ಆ ಪ್ರಶಂಸೆ ಉಚಿತವಾದುದೇ. ಆದರೆ ಪತ್ರಿಕೆಯ ಒಂದು ಅಂಕಣದಗಲದ ಚೌಕದಲ್ಲಿ ಅವರು ದಿನವೂ ಎರಡು ಕೆಲಸಗಳನ್ನು ಮಾಡುತ್ತಿದ್ದರು: ಚಿತ್ರವನ್ನು ಬರೆಯುತ್ತಿದ್ದರು, ಅದರ ಕೆಳಗೆ ಒಂದು ವಾಕ್ಯವನ್ನೂ ಬರೆಯುತ್ತಿದ್ದರು. ಈ ಎರಡನೆಯ ಬರವಣಿಗೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಅಷ್ಟಾಗಿ ಗಮನಿಸಿದಂತಿಲ್ಲ. ಯಾರಿಗೆ ಮಾತು ಕೊಡಬೇಕು, ಯಾರಿಂದ ಮಾತನ್ನು ತಡೆಹಿಡಿಯಬೇಕು ಎಂಬ ನಿರ್ಧಾರವು ಮೂಲತಃ ಲೇಖಕನ ನಿರ್ಧಾರ. ಆ ದೃಷ್ಟಿಯಿಂದ ನೋಡಿದಾಗ ಲಕ್ಷ್ಮಣ್ ಅವರು ಇಪ್ಪತ್ತನೆಯ ಶತಮಾನದ ಭಾರತದ ಮುಖ್ಯ ಹಾಸ್ಯಲೇಖಕರಲ್ಲಿ ಒಬ್ಬರಾಗಿ ಕಾಣುತ್ತಾರೆ.

ರಾಸಿಪುರಂ ಕೃಷ್ಣಸ್ವಾಮಿ ಲಕ್ಷ್ಮಣ್ ಅವರು 1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಜನಿಸಿದರು. ಮನೆಮಾತು ತಮಿಳು, ಬೀದಿಯ ಮತ್ತು ಶಾಲೆಯ ಮಾತು ಕನ್ನಡ, ಮನೆಯ ಕಪಾಟಿನಲ್ಲಿದ್ದ ಪುಸ್ತಕ ಪತ್ರಿಕೆಗಳ ಭಾಷೆ ಇಂಗ್ಲಿಷು. ತಂದೆ ಕೃಷ್ಣಸ್ವಾಮಿ ಅಯ್ಯರ್ ಅವರು ಮುಖ್ಯೋಪಾಧ್ಯಾಯರಾಗಿದ್ದುದರಿಂದ ಪಂಚ್, ಸ್ಟ್ರ್ಯಾಂಡ್, ಬೈಸ್ಟ್ಯಾಂಡರ್, ಟಿಟ್‌ಬಿಟ್ಸ್ ಮುಂತಾದ ಪತ್ರಿಕೆಗಳು ಮನೆಗೆ ಬರುತ್ತಿದ್ದವು. ಅಕ್ಷರಜ್ಞಾನವಾಗುವುದಕ್ಕೆ ಮೊದಲೇ ಬಾಲಕ ಲಕ್ಷ್ಮಣ್ ಅವುಗಳಲ್ಲಿನ ಚಿತ್ರಗಳಲ್ಲಿ ಮುಳುಗಿಹೋಗುತ್ತಿದ್ದರು. ನೆಲ, ಗೋಡೆ, ಬಾಗಿಲುಗಳೆಲ್ಲ ಅವರಿಗೆ ಚಿತ್ರಫಲಕಗಳಾದವು. ಶಾಲೆಯಲ್ಲಿ ಬರೆದ ಅರಳಿ ಎಲೆಯೊಂದನ್ನು ಉಪಾಧ್ಯಾಯರು ಮೆಚ್ಚಿಕೊಂಡಾಗ ತಾನು ಚಿತ್ರಕಾರನೆಂಬ ಅರಿವು ಅವರಲ್ಲಿ ಮೊಳೆಯಿತು. ಪತ್ರಿಕೆಗಳಲ್ಲಿ ಬರುತ್ತಿದ್ದ ಬ್ರಿಟನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳು ಅವರ ಮೊದಲ ಆದರ್ಶ. ಆ ಸಹಿಯನ್ನು ಬಹುಕಾಲ ಅವರು 'ಕೌ' ಎಂದೇ ಓದಿಕೊಳ್ಳುತ್ತಿದ್ದರಂತೆ.

ಇನ್ನೂ ಬಾಲ್ಯದಲ್ಲಿರುವಾಗಲೇ ತಂದೆ ಪಾರ್ಶ್ವವಾಯುವಿಗೆ ತುತ್ತಾಗಿ ತೀರಿಕೊಂಡರು. ಸಂಸಾರದ ಭಾರ ಹಿರಿಯರ ಮೇಲೆ ಬಿತ್ತು. ಕಿರಿಯವರಾದ ಲಕ್ಷ್ಮಣ್ ಅವರ ಓದು ನಿಲ್ಲಲಿಲ್ಲ. ಅಣ್ಣ ಆರ್. ಕೆ. ನಾರಾಯಣ್ ಅವರು ಆಗ ಕಥೆ ಕಾದಂಬರಿಗಳ ಬರವಣಿಗೆಯಲ್ಲಿ ತೊಡಗಿದ್ದರು. ಹಿಂದೂ ಪತ್ರಿಕೆಯಲ್ಲಿ ಪ್ರಕಟವಾಗುತ್ತಿದ್ದ ಅಣ್ಣನ ಕಥೆಗಳಿಗೆ ತಮ್ಮ ಚಿತ್ರ ಬರೆದುಕೊಡುತ್ತಿದ್ದರು. ತಮ್ಮ ಕಟ್ಟಿದ ಕ್ರಿಕೆಟ್ ತಂಡದ ಸಾಹಸಗಳು ಅಣ್ಣನ ಕಥೆಗಳಿಗೆ ವಸ್ತುವಾದವು. ದೊಡ್ಡ ಸಂಗತಿಗಳನ್ನು ಸಣ್ಣ ಊರಿನ ಅಳತೆಗೆ ಇಳಿಸಿ ನೋಡುವ ಗುಣವನ್ನು ಇಬ್ಬರಲ್ಲಿಯೂ ಕಾಣಬಹುದು. ನಾರಾಯಣ್ ಅವರ ಮಾಲ್ಗುಡಿಯಲ್ಲಿ ಸಾಮ್ರಾಜ್ಯದ ಆಗುಹೋಗುಗಳು ಅಂಗಡಿಯ ಜಗಲಿಯ ಮಾತಾಗಿ ಕೇಳಿಸುತ್ತವೆ. ಲಕ್ಷ್ಮಣ್ ಅವರ ಚೌಕದಲ್ಲಿ ಪಂಚವಾರ್ಷಿಕ ಯೋಜನೆಯು ಕಚೇರಿಯ ಓಣಿಯ ಮಾತಾಗಿ ಕೇಳಿಸುತ್ತದೆ.

ಶಾಲೆಯ ವ್ಯಾಸಂಗವನ್ನು ಮುಗಿಸಿದ ಮೇಲೆ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಬಯಸಿ ಅವರು ತಮ್ಮ ಚಿತ್ರಗಳನ್ನು ಕಳುಹಿಸಿದರು. ಅಲ್ಲಿ ಕಲಿಯಲು ಬೇಕಾದ ಪ್ರತಿಭೆ ಆ ಚಿತ್ರಗಳಲ್ಲಿ ಕಾಣಿಸದೆಂಬ ಉತ್ತರ ಬಂದಿತು. ಆಗ ಅವರು ಮೈಸೂರಿನ ಮಹಾರಾಜ ಕಾಲೇಜನ್ನು ಸೇರಿ ಬಿ.ಎ. ಪದವಿಗೆ ಓದಿದರು. ಈ ನಿರಾಕರಣೆಯು ಪರೋಕ್ಷವಾಗಿ ಉಪಕಾರವನ್ನೇ ಮಾಡಿತೆನ್ನಬೇಕು. ಚಿತ್ರಶಾಲೆಯ ಶಿಸ್ತಿನ ಬದಲು ಅವರಿಗೆ ಮೈಸೂರಿನ ಮಾರುಕಟ್ಟೆ, ಉದ್ಯಾನ, ನ್ಯಾಯಾಲಯದ ಆವರಣ, ಬೀದಿಯ ಕಾಗೆಗಳು ಪಾಠ ಹೇಳಿದವು. ಕಾಗೆಯ ಮೇಲಿನ ಪ್ರೀತಿಯಂತೂ ಜೀವನದ ಕೊನೆಯವರೆಗೂ ಉಳಿದು, ಅವರ ಸ್ವತಂತ್ರ ಚಿತ್ರಗಳಲ್ಲಿ ಒಂದು ಪ್ರತ್ಯೇಕ ಶ್ರೇಣಿಯೇ ಆಯಿತು.

ಕನ್ನಡದ ಮಟ್ಟಿಗೆ ಮುಖ್ಯವಾದ ಘಟ್ಟ ಇಲ್ಲಿಯೇ ಬರುತ್ತದೆ. 1942ರಲ್ಲಿ ರಾಶಿ ಎಂಬ ಹೆಸರಿನಿಂದ ಖ್ಯಾತರಾದ ಡಾ. ಎಂ. ಶಿವರಾಂ ಅವರು ಬೆಂಗಳೂರಿನಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರ ಬರಹಗಳು ಕಾಣಿಸಿಕೊಂಡ ಆ ಪತ್ರಿಕೆಯಲ್ಲಿ ವಿದ್ಯಾರ್ಥಿ ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳು ಪ್ರಕಟವಾದವು. ರಾಶಿಯವರು ವೃತ್ತಿಯಿಂದ ವೈದ್ಯರು. ಪರರನ್ನು ನೋಯಿಸದೆ, ದ್ವೇಷವನ್ನು ಬಿತ್ತದೆ, ಸಮಾಜದ ರೋಗಲಕ್ಷಣಗಳನ್ನು ತೋರಿಸುವ ನಗೆ ಅವರ ಪತ್ರಿಕೆಯ ಆದರ್ಶವಾಗಿತ್ತು. ಮುಂದೆ ದೇಶವೇ ಮೆಚ್ಚಿಕೊಂಡ ಲಕ್ಷ್ಮಣ್ ಅವರ ಹದವರಿತ ವಿನೋದದ ಬೇರುಗಳನ್ನು ಇಂಗ್ಲಿಷಿನ ಪಂಚ್ ಪತ್ರಿಕೆಯಲ್ಲಿ ಮಾತ್ರ ಹುಡುಕುವುದು ಅಪೂರ್ಣ ವಿಮರ್ಶೆಯಾದೀತು. 'ಕೊರವಂಜಿ'ಯ ಅಂಗಳವನ್ನೂ ನೋಡಬೇಕು. ಇದೇ ಕಾಲದಲ್ಲಿ ಸ್ವತಂತ್ರ ಮೊದಲಾದ ಪತ್ರಿಕೆಗಳಿಗೂ ಅವರು ಚಿತ್ರ ಬರೆದರು. ಒಂದು ಬೇಸಗೆಯ ರಜೆಯಲ್ಲಿ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿಯೂ ದುಡಿದರು.

ಮುಂಬಯಿಯಲ್ಲಿ ಅವರ ಮೊದಲ ಪೂರ್ಣಾವಧಿಯ ಉದ್ಯೋಗ ಫ್ರೀ ಪ್ರೆಸ್ ಜರ್ನಲ್ ಪತ್ರಿಕೆಯ ರಾಜಕೀಯ ವ್ಯಂಗ್ಯಚಿತ್ರಕಾರನದು. ಅಲ್ಲಿ ಅವರ ಸಹೋದ್ಯೋಗಿಯಾಗಿದ್ದ ಮತ್ತೊಬ್ಬ ವ್ಯಂಗ್ಯಚಿತ್ರಕಾರರೆಂದರೆ ಮುಂದೆ ರಾಜಕಾರಣದಲ್ಲಿ ಪ್ರಸಿದ್ಧರಾದ ಬಾಳ ಠಾಕ್ರೆ. ಒಂದು ರಾಜಕೀಯ ಪಕ್ಷವನ್ನು ಗೇಲಿ ಮಾಡಬಾರದೆಂಬ ಸೂಚನೆ ಬಂದಾಗ ಲಕ್ಷ್ಮಣ್ ಅವರು ಆ ಕೆಲಸವನ್ನು ಬಿಟ್ಟರು. 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯನ್ನು ಸೇರಿದರು. ಯುರೋಪಿನಿಂದ ಆಶ್ರಯವರಸಿ ಬಂದಿದ್ದ ಆಸ್ಟ್ರಿಯದ ಚಿತ್ರಕಾರ ವಾಲ್ಟರ್ ಲಾಂಗ್‌ಹಾಮರ್ ಅವರು ಅಲ್ಲಿ ಕಲಾನಿರ್ದೇಶಕರಾಗಿದ್ದರು. ಕಲಾಶಾಲೆ ಕಾಣದಿದ್ದ ಪ್ರತಿಭೆಯನ್ನು ಅವರು ಕಂಡುಕೊಂಡರು. ಸ್ವಾತಂತ್ರ್ಯವು ಬಂದ ವರ್ಷವೇ ಈ ಕೆಲಸವೂ ಆರಂಭವಾಯಿತೆಂಬುದು ಗಮನಾರ್ಹ. ಅಲ್ಲಿಂದ ಮುಂದೆ ಗಣರಾಜ್ಯದ ಚರಿತ್ರೆ ಮತ್ತು ಲಕ್ಷ್ಮಣ್ ಅವರ ವೃತ್ತಿಚರಿತ್ರೆಗಳು ಜೊತೆಜೊತೆಯಾಗಿ ನಡೆದವು.

1951ರ ಡಿಸೆಂಬರ್ 24ರಂದು 'ಯೂ ಸೆಡ್ ಇಟ್' ಎಂಬ ಶೀರ್ಷಿಕೆಯ ದೈನಿಕ ಚಿತ್ರ ಆರಂಭವಾಯಿತು. ಇದು ಅಂಗೈಯಗಲದ ಕಿರು ವ್ಯಂಗ್ಯಚಿತ್ರ. ಬ್ರಿಟನ್ನಿನಲ್ಲಿ ಆಸ್ಬರ್ಟ್ ಲಾಂಕಾಸ್ಟರ್ ಅವರು ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ 1939ರಲ್ಲಿ ಈ ಪ್ರಕಾರವನ್ನು ಬಳಕೆಗೆ ತಂದಿದ್ದರು. ವೃತ್ತಪತ್ರಿಕೆಗಳ ಕಾಮಿಕ್ಸ್ ಎಂದರೆ ಸಾಮಾನ್ಯವಾಗಿ ಮೂರು ನಾಲ್ಕು ಚೌಕಗಳ ಪಟ್ಟಿಯಲ್ಲಿ ದಿನದಿಂದ ದಿನಕ್ಕೆ ಮುಂದುವರಿಯುವ ಕಥೆ. ಭಾರತದ ಪತ್ರಿಕೆಗಳಲ್ಲಿ ಅಂಥ ಪಟ್ಟಿಗಳು ಬಹುಕಾಲ ಫ್ಯಾಂಟಮ್, ಮಾಂಡ್ರೇಕ್ ಮೊದಲಾದ ಪರದೇಶದ ನಾಯಕರವಾಗಿದ್ದವು. ಲಕ್ಷ್ಮಣ್ ಅವರದು ದಿನಕ್ಕೆ ಒಂದೇ ಚೌಕ. ಅಂದಿನ ಮಾತು ಅಂದೇ ಮುಗಿಯುತ್ತದೆ. ಆದರೂ ಅದೇ ವ್ಯಕ್ತಿ, ಅದೇ ಕೋಟಿನಲ್ಲಿ, ದಿನವೂ ಹೊಸ ಸನ್ನಿವೇಶಕ್ಕೆ ಬಂದು ನಿಲ್ಲುತ್ತಾನೆ. ಹಾಗಾಗಿ ಆ ಚೌಕಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಐವತ್ತು ವರ್ಷಗಳಷ್ಟು ದೀರ್ಘವಾದ ಒಂದೇ ಚಿತ್ರಕಥೆ ದೊರೆಯುತ್ತದೆ. ಅದರ ನಾಯಕನಿಗೆ ಅದ್ಭುತ ಶಕ್ತಿಗಳಿಲ್ಲ. ಸಹಿಸುವ ಶಕ್ತಿಯೊಂದೇ ಇದೆ.

ಈ ನಾಯಕ ಒಮ್ಮೆಲೇ ಸಿದ್ಧನಾದವನಲ್ಲ. ಆರಂಭದಲ್ಲಿ ಲಕ್ಷ್ಮಣ್ ಅವರು ದೇಶದ ಬೇರೆಬೇರೆ ಪ್ರಾಂತಗಳ ಜನರನ್ನು, ಅವರವರ ಉಡುಗೆ ತೊಡುಗೆಗಳೊಡನೆ, ಚಿತ್ರದ ಹಿನ್ನೆಲೆಯಲ್ಲಿ ಗುಂಪಾಗಿ ನಿಲ್ಲಿಸುತ್ತಿದ್ದರು. ದಿನಪತ್ರಿಕೆಯ ಅವಸರದಲ್ಲಿ ಅಷ್ಟೊಂದು ಮಂದಿಯನ್ನು ಬರೆಯುವುದಕ್ಕೆ ಸಮಯ ಸಾಲುತ್ತಿರಲಿಲ್ಲ. ದಿನೇದಿನೇ ಒಬ್ಬೊಬ್ಬರನ್ನಾಗಿ ಬಿಡುತ್ತ ಬಂದಾಗ ಕೊನೆಗೆ ಉಳಿದವನು ಈ ಒಬ್ಬ. ಅವನನ್ನು ತಾವು ಹುಡುಕಲಿಲ್ಲ, ಅವನೇ ತಮ್ಮನ್ನು ಹುಡುಕಿಕೊಂಡು ಬಂದನೆಂಬುದು ಲಕ್ಷ್ಮಣ್ ಅವರ ಅಭಿಪ್ರಾಯವಾಗಿತ್ತು. ಇಂಗ್ಲಿಷಿನಲ್ಲಿ ಅವನು 'ಕಾಮನ್ ಮ್ಯಾನ್'. ಕನ್ನಡಿಗರು ಅವನನ್ನು ಸಹಜವಾಗಿಯೇ ಶ್ರೀಸಾಮಾನ್ಯನೆಂದು ಕರೆದರು. ಕುವೆಂಪು ಅವರಿಂದ ಘನತೆ ಪಡೆದ ಈ ಪದದಲ್ಲಿ ಗೌರವದ 'ಶ್ರೀ' ಇದೆ. ಕವಿಯು ಶ್ರೀಸಾಮಾನ್ಯನನ್ನು ಪೀಠದ ಮೇಲೆ ಕೂರಿಸಿದರೆ ವ್ಯಂಗ್ಯಚಿತ್ರಕಾರರು ಅವನನ್ನು ಸರದಿಯ ಸಾಲಿನಲ್ಲಿ, ಮಂತ್ರಿಗಳ ಸಭೆಯ ಅಂಚಿನಲ್ಲಿ, ಹೊಂಡಬಿದ್ದ ರಸ್ತೆಯ ಪಕ್ಕದಲ್ಲಿ ನಿಲ್ಲಿಸಿದರು. ಎರಡೂ ಒಂದೇ ಕಾಲದ, ಒಂದೇ ಕಾಳಜಿಯ ಎರಡು ಮುಖಗಳು.

ಇನ್ನು ಅಡಿಬರಹದ ವಿಚಾರ. ಲಕ್ಷ್ಮಣ್ ಅವರ ಚೌಕದಲ್ಲಿ ಮಾತನಾಡುವವರು ಮಂತ್ರಿ, ಕಾರ್ಯದರ್ಶಿ, ಅಧಿಕಾರಿ, ಗುತ್ತಿಗೆದಾರ, ಪಕ್ಷದ ಕಾರ್ಯಕರ್ತ, ವೈದ್ಯ ಮೊದಲಾದವರು. ಶ್ರೀಸಾಮಾನ್ಯನ ಮಡದಿಯೂ ಆಗಾಗ ಖಾರವಾಗಿಯೇ ನುಡಿಯುತ್ತಾಳೆ. ಅಧಿಕಾರಸ್ಥರು ಹೇಳುವುದು ಹೆಚ್ಚಾಗಿ ತಮ್ಮ ಸಾಧನೆಯ ಮಾತು. ನಾಚಿಕೆಪಡಬೇಕಾದುದನ್ನೇ ಅವರು ಹೆಮ್ಮೆಯಿಂದ, ನಿಷ್ಕಪಟವಾಗಿ, ಒಬ್ಬರಿಗೊಬ್ಬರು ತಿಳಿಸಿಕೊಳ್ಳುತ್ತಾರೆ. ತಾನು ಏನನ್ನು ಬಯಲು ಮಾಡಿದೆನೆಂಬುದು ಆಡಿದವನಿಗೆ ತಿಳಿಯದು. ಪಕ್ಕದಲ್ಲಿ ನಿಂತವನಿಗೆ ತಿಳಿಯುತ್ತದೆ, ಓದುಗನಿಗೆ ತಿಳಿಯುತ್ತದೆ. ನಮ್ಮ ಅಲಂಕಾರಶಾಸ್ತ್ರ ವ್ಯಾಜಸ್ತುತಿಯೆಂದು ಗುರುತಿಸುವ ಮಾರ್ಗ ಇದಕ್ಕೆ ಸಮೀಪವಾದುದು. ಹೊಗಳಿಕೆಯ ವೇಷದಲ್ಲಿ ತೆಗಳಿಕೆ ಬರುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಹೊಗಳಿಕೊಳ್ಳುವವನೇ ತನ್ನ ತೆಗಳಿಕೆಗೆ ಕರ್ತೃವಾಗುತ್ತಾನೆ. ಅದಕ್ಕಾಗಿಯೇ ಆ ವಾಕ್ಯಗಳಲ್ಲಿ ಉದ್ಗಾರವಿಲ್ಲ, ಶ್ಲೇಷೆಯ ಚಮತ್ಕಾರ ವಿರಳ. ಓಣಿಯಲ್ಲಿ ನಡೆಯುತ್ತ ಆಡುವ ಮಾತಿನ ಸಲೀಸು ಅವುಗಳದ್ದು.

ಒಂದು ನಿದರ್ಶನವನ್ನು ನೋಡಬಹುದು. 1969ರಲ್ಲಿ ಮಾನವನು ಚಂದ್ರನ ಮೇಲೆ ಕಾಲಿರಿಸಿದ ಸಂದರ್ಭದಲ್ಲಿ ಬಂದ ಚಿತ್ರವೊಂದರಲ್ಲಿ ವಿಜ್ಞಾನಿಗಳ ಮುಂದೆ ಶ್ರೀಸಾಮಾನ್ಯನನ್ನು ನಿಲ್ಲಿಸಲಾಗಿದೆ. ಅನ್ನ, ನೀರು, ಆಸರೆ ಯಾವುದೂ ಇಲ್ಲದೆ ಬದುಕಿ ಅಭ್ಯಾಸವಿರುವುದರಿಂದ ಚಂದ್ರಲೋಕಕ್ಕೆ ಕಳುಹಿಸಲು ಇವನೇ ತಕ್ಕವನೆಂಬುದು ಅದರ ಭಾವ. ಪರಿಚಯಿಸುವವನ ದನಿಯಲ್ಲಿ ಕೇಡಿಲ್ಲ, ಅಭಿಮಾನವೇ ಇದೆ. ನಗುವ ಓದುಗನಿಗೆ ಮರುಗಳಿಗೆಯಲ್ಲಿ ಸಂಕಟವಾಗುತ್ತದೆ. ಇಷ್ಟು ದೂರವನ್ನು ಒಂದು ಚಿತ್ರ ಮತ್ತು ಒಂದು ವಾಕ್ಯದಲ್ಲಿ ಕ್ರಮಿಸುವುದು ಸಾಮಾನ್ಯ ಬರವಣಿಗೆಯಲ್ಲ.

ಈ ಬರವಣಿಗೆಯ ಹಿಂದಿನ ದಿನಚರಿ ಕಠಿನವಾದುದು. ಬೆಳಿಗ್ಗೆ ಕಚೇರಿಗೆ ಬಂದು ಪತ್ರಿಕೆಗಳನ್ನೆಲ್ಲ ಓದಿ, ಬಳಿಕ ಗಂಟೆಗಟ್ಟಲೆ ವಿಷಯಕ್ಕಾಗಿ ಕಾಯುವುದು ಅವರ ಕ್ರಮ. ಹಿಂದಿನ ದಿನದ ಯಶಸ್ಸು ಇಂದಿನ ನೆರವಿಗೆ ಬರುವುದಿಲ್ಲ. ವಿಷಯ ಹೊಳೆದ ಮೇಲೆ ಕುಂಚ ಮತ್ತು ಇಂಡಿಯನ್ ಇಂಕಿನಲ್ಲಿ ಚಿತ್ರ ಸಿದ್ಧವಾಗಬೇಕು. ಅಂದಿನ ಮುದ್ರಣವಿಧಾನದಲ್ಲಿ ಚಿತ್ರವು ಸತುವಿನ ಬ್ಲಾಕಾಗಿ ಕಿರಿದಾಗುತ್ತಿತ್ತು. ಅಡಿಬರಹವನ್ನು ಮೊಳೆ ಜೋಡಿಸಿ ಕೆಳಗೆ ಸೇರಿಸಲಾಗುತ್ತಿತ್ತು. ಕಿರಿದಾದರೂ ಕೆಡದ ದಪ್ಪ ರೇಖೆ, ಒಂದು ಅಂಕಣದಲ್ಲಿ ಅಡಗುವ ವಾಕ್ಯ, ಇವೆರಡೂ ಕಲೆಯ ಆಯ್ಕೆಗಳಾಗಿರುವಂತೆಯೇ ಮುದ್ರಣದ ಕಟ್ಟಳೆಗಳೂ ಆಗಿದ್ದವು. ಸ್ವತಂತ್ರ ಬರಹಗಾರರಾಗಿಯೂ ಅವರು ದುಡಿದರು: 'ದ ಹೋಟೆಲ್ ರಿವಿಯೆರಾ', 'ದ ಮೆಸೆಂಜರ್' ಎಂಬ ಕಾದಂಬರಿಗಳು, 'ದ ಟನೆಲ್ ಆಫ್ ಟೈಮ್' ಎಂಬ ಆತ್ಮಕಥೆ ಪ್ರಕಟವಾಗಿವೆ. ಮಡದಿ ಕಮಲಾ ಅವರು ಮಕ್ಕಳಿಗಾಗಿ ಬರೆದ ಆನೆಮರಿಯ ಕಥೆಗಳಿಗೆ ಚಿತ್ರಗಳನ್ನು ಬರೆದರು. ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ದೂರದರ್ಶನ ಮಾಲಿಕೆಯ ಮೂಲಕ ಅವರ ರೇಖೆಗಳು ಮತ್ತೆ ಅಣ್ಣನ ಊರನ್ನು ಕಾಣಿಸಿದವು.

ಅಧಿಕಾರದೊಡನೆ ಅವರ ಸಂಬಂಧ ಎರಡು ಪ್ರಸಂಗಗಳಲ್ಲಿ ಸ್ಪಷ್ಟವಾಗುತ್ತದೆ. 1962ರ ಚೀನಾ ಯುದ್ಧದ ತರುವಾಯ ನೆಹರೂ ಅವರನ್ನು ಟೀಕಿಸಿ ಬರೆದ ಚಿತ್ರವನ್ನು ಕಂಡು ಸ್ವತಃ ನೆಹರೂ ಅವರೇ ದೂರವಾಣಿಯಲ್ಲಿ ಮಾತನಾಡಿ, ಸಹಿ ಹಾಕಿದ ಪ್ರತಿಯೊಂದನ್ನು ಕೇಳಿದರೆಂಬುದನ್ನು ಲಕ್ಷ್ಮಣ್ ನೆನೆದುಕೊಳ್ಳುತ್ತಿದ್ದರು. 1975ರ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿ ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆ ಬಂದಾಗ ಸ್ಥಿತಿ ಬದಲಾಯಿತು. ಅವರು ಪ್ರಧಾನಿ ಇಂದಿರಾ ಗಾಂಧಿಯವರನ್ನು ಕಂಡರು. ಕೆಲಸ ಮುಂದುವರಿಸಬಹುದೆಂಬ ಭರವಸೆ ದೊರೆಯಿತು. ಆದರೆ ಸ್ವಲ್ಪ ಕಾಲದಲ್ಲಿಯೇ ಸರಕಾರದ ಕಡೆಯಿಂದ ಎಚ್ಚರಿಕೆ ಬಂದು, ಅವರು ಕುಂಚವನ್ನು ಕೆಳಗಿಟ್ಟು ಮಾರಿಷಸ್ಸಿಗೆ ತೆರಳಿದರು. ವೃತ್ತಿಯನ್ನೇ ತೊರೆಯುವ ಯೋಚನೆಯೂ ಬಂದಿತ್ತು. 1977ರಲ್ಲಿ ಚುನಾವಣೆಯ ಘೋಷಣೆಯಾದ ಮೇಲೆ ಮತ್ತೆ ಬರೆಯತೊಡಗಿದರು. ಶ್ರೀಸಾಮಾನ್ಯನ ಮೌನಕ್ಕೆ ಅರ್ಥವಿರುವುದು ಅವನ ಸುತ್ತ ಮಾತು ನಡೆಯುತ್ತಿರುವಾಗ ಮಾತ್ರ. ಎಲ್ಲರನ್ನೂ ಮೌನವಾಗಿಸಿದಾಗ ಅವನ ಮೌನವೂ ಅರ್ಥ ಕಳೆದುಕೊಳ್ಳುತ್ತದೆ. ಹಾಸ್ಯಕ್ಕೂ ಪ್ರಜಾಪ್ರಭುತ್ವಕ್ಕೂ ಇರುವ ನಂಟನ್ನು ಆ ತಿಂಗಳುಗಳು ತೋರಿಸಿಕೊಟ್ಟವು.

ಶ್ರೀಸಾಮಾನ್ಯನ ಬಗೆಗೆ ಆಕ್ಷೇಪಗಳೂ ಇವೆ; ಅವನ್ನು ತಳ್ಳಿಹಾಕುವಂತಿಲ್ಲ. ಅವನ ಉಡುಪು, ನಿಲುವುಗಳು ನಗರದ ಮಧ್ಯಮವರ್ಗದ ಹಿರಿಯ ಗಂಡಸಿನವು. ಹೊಲದ ಕೂಲಿ, ಕೇರಿಯ ನಿವಾಸಿ, ದುಡಿಯುವ ಹೆಂಗಸು ಇವರೆಲ್ಲರ ಪರವಾಗಿ ಅವನೊಬ್ಬನೇ ನಿಲ್ಲಬಲ್ಲನೇ ಎಂಬುದು ಮೊದಲ ಪ್ರಶ್ನೆ. ಅವನು ನೋಡುತ್ತಾನೆಯೇ ಹೊರತು ಪ್ರತಿಭಟಿಸುವುದಿಲ್ಲವೆಂಬುದು ಎರಡನೆಯದು. ಅವನು ಕಾಣಿಸಿಕೊಂಡ ಪತ್ರಿಕೆ ಇಂಗ್ಲಿಷಿನದು. ಅವನು ಪ್ರತಿನಿಧಿಸುವ ಬಹುಪಾಲು ಜನರು ಅವನ ಚಿತ್ರದ ಕೆಳಗಿನ ವಾಕ್ಯವನ್ನು ಓದಲಾರರು ಎಂಬುದು ಮೂರನೆಯದು. ಮೂರನೆಯ ಆಕ್ಷೇಪವೇ ಹೆಚ್ಚು ತೂಕದ್ದು. 'ಕೊರವಂಜಿ'ಯಲ್ಲಿ ಕನ್ನಡದ ಓದುಗರಿಗಾಗಿ ಆರಂಭಿಸಿದ ಕಲಾವಿದರು ಕನ್ನಡಕ್ಕೆ ಪೂರ್ಣವಾಗಿ ದಕ್ಕದೆ ಹೋದದ್ದು ನಮ್ಮ ಹಾಸ್ಯಪರಂಪರೆಗೆ ಆದ ನಷ್ಟ. ಎರಡನೆಯ ಆಕ್ಷೇಪಕ್ಕೆ ಮಾತ್ರ ಉತ್ತರವಿದೆ. ಸಾಕ್ಷಿಯ ಕೆಲಸ ಹೋರಾಟಗಾರನ ಕೆಲಸಕ್ಕಿಂತ ಭಿನ್ನವಾದುದು. ತಾನು ನೋಡಲ್ಪಡುತ್ತಿದ್ದೇನೆಂಬ ಅರಿವಿಲ್ಲದೆ ಅಧಿಕಾರವು ಆಡಿದ ಮಾತನ್ನು ಅವನು ಕೇಳಿಸಿಕೊಂಡ. ಐವತ್ತು ವರ್ಷಗಳ ದಾಖಲೆ ಉಳಿದದ್ದು ಅದರಿಂದಲೇ.

ಗೌರವಗಳು ಹೇರಳವಾಗಿ ಬಂದವು. 1983ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ, 1984ರಲ್ಲಿ ರಾಮೊನ್ ಮ್ಯಾಗ್ಸೆಸೆ ಪ್ರಶಸ್ತಿ, 2004ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟು, 2005ರಲ್ಲಿ ಪದ್ಮವಿಭೂಷಣ ಇವು ಮುಖ್ಯವಾದವು. 1988ರಲ್ಲಿ ಟೈಮ್ಸ್ ಆಫ್ ಇಂಡಿಯಾದ 150ನೆಯ ವರ್ಷದ ಅಂಗವಾಗಿ ಹೊರಟ ಅಂಚೆಚೀಟಿಯಲ್ಲಿ ಶ್ರೀಸಾಮಾನ್ಯನೇ ಕಾಣಿಸಿಕೊಂಡ.

ಪುಣೆಯ ಅಧ್ಯಾಯ ಅವರ ಬದುಕಿನ ಕೊನೆಯದು, ಕಠಿನವಾದುದೂ ಹೌದು. ಔಂಧ್ ಬಡಾವಣೆಯಲ್ಲಿ ಅವರ ಮನೆಯಿತ್ತು. 2003ರ ಸೆಪ್ಟೆಂಬರಿನಲ್ಲಿ ಇಲ್ಲಿಯೇ ಅವರಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಬಾಲ್ಯದಲ್ಲಿ ತಂದೆಯನ್ನು ಕಸಿದುಕೊಂಡ ರೋಗವೇ ಎಂಬತ್ತರ ಅಂಚಿನಾಚೆ ಮಗನನ್ನೂ ಹಿಡಿಯಿತು. ಬರೆಯುವ ಬಲಗೈ ಉಳಿದುಕೊಂಡಿತು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಮತ್ತೆ ಚಿತ್ರ ಬರೆದರು. 2010ರಲ್ಲಿ ಮರಳಿ ಬಂದ ಆಘಾತಗಳು ಮಾತಿಗೂ ತೊಡಕು ತಂದವು. ಮಾತನಾಡದವನನ್ನು ಐದು ದಶಕಗಳ ಕಾಲ ಬರೆದವರು ಕಡೆಗಾಲದಲ್ಲಿ ತಾವೇ ಅವನಂತೆ ನೋಡುತ್ತ ಕುಳಿತರು. 2014ರಲ್ಲಿ ಭಾರತದ ಮಂಗಳಯಾನವು ಗುರಿ ಮುಟ್ಟಿದ ಸಂದರ್ಭಕ್ಕಾಗಿ ಅವರು ಶ್ರೀಸಾಮಾನ್ಯನನ್ನು ಮಂಗಳಗ್ರಹದಲ್ಲಿ ಚಿತ್ರಿಸಿದರು. 1969ರಲ್ಲಿ ಚಂದ್ರಲೋಕಕ್ಕೆ ಅರ್ಹನೆನಿಸಿದ್ದ ಅವನು ಈ ಬಾರಿ ತನ್ನ ದೇಶದ ನೌಕೆಯ ಜೊತೆಗೆ ಅಲ್ಲಿಗೆ ಹೋಗಿದ್ದ.

ಜನವರಿ 27ರಂದು ಪುಣೆಯ ವೈಕುಂಠ ಸ್ಮಶಾನದಲ್ಲಿ ಸರಕಾರಿ ಗೌರವಗಳೊಡನೆ ಲಕ್ಷ್ಮಣ್ ಅವರ ಅಂತ್ಯಕ್ರಿಯೆ ನಡೆಯಿತು. 2022ರ ಮಾರ್ಚ್ ತಿಂಗಳಲ್ಲಿ ಅದೇ ನಗರದ ಬಾಲೇವಾಡಿಯಲ್ಲಿ ಅವರ ಹೆಸರಿನ ಕಲಾಸಂಗ್ರಹಾಲಯ ಉದ್ಘಾಟನೆಗೊಂಡಿತು. ಅವರ ಚಿತ್ರಗಳನ್ನು ನೋಡಲು ಅಲ್ಲಿಗೆ ಹೋಗಬಹುದು. ಆದರೆ ಅವರ ಬರವಣಿಗೆಯ ಅಧ್ಯಯನ ಇನ್ನೂ ಆಗಬೇಕಾಗಿದೆ. 'ಕೊರವಂಜಿ'ಯ ಹಳೆಯ ಸಂಚಿಕೆಗಳಲ್ಲಿ ಚದುರಿರುವ ಚಿತ್ರಗಳನ್ನೂ ಅವುಗಳ ಕನ್ನಡ ಅಡಿಬರಹಗಳನ್ನೂ ಒಟ್ಟುಗೂಡಿಸಿ, ಮುಂದಿನ ಐವತ್ತು ವರ್ಷಗಳ ಇಂಗ್ಲಿಷ್ ವಾಕ್ಯಗಳೊಡನೆ ಇಟ್ಟು ನೋಡಿದಾಗ ಶ್ರೀಸಾಮಾನ್ಯನ ಮೌನದ ಹಿಂದೆ ಮೈಸೂರಿನ ಮಾತಿನ ಪಾಲು ಎಷ್ಟಿತ್ತೆಂಬುದು ತಿಳಿದುಬರುತ್ತದೆ. ಆ ಕೆಲಸ ಕನ್ನಡ ವಿದ್ಯಾರ್ಥಿಗಳಿಗೆ ಸೇರಿದ್ದು.